ಮೇಜಿನ ಮೇಲಿನ ಉಪ್ಪಿಲ್ಲದ ಮಣ್ಣು

ಕಡಲತಳದ ವಿಷ ಬೆರೆತ ಕೆಸರನ್ನು ಕೆದಕಿ ಎತ್ತುವುದಕ್ಕಿಂತ, ಸಿಮೆಂಟು ಕಲಸಿದ ಮಣ್ಣನ್ನು ಅದರ ಮೇಲೆ ಹಾಸಿ ಇದ್ದಲ್ಲೇ ಮುಚ್ಚಿಡುವುದು ಲೇಸೆಂದು ಮೂರು ದಶಕ ಪಟ್ಟು ಹಿಡಿದು ಸಾಧಿಸಿ ತೋರಿಸಿದವರು, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮಣ್ಣು ಪರೀಕ್ಷಾಲಯದ ಹಿರಿಯರು. ಯಾವ ಸ್ಯಾಂಪಲ್ ಕಂಡರೂ ಯಂತ್ರಕ್ಕೆ ಕೊಡುವ ಮೊದಲು ಒಮ್ಮೆ ಒತ್ತಿ ನೋಡುವುದು ಅವರ ಅಭ್ಯಾಸವಾದ್ದರಿಂದ, ಬೆನ್ನ ಹಿಂದೆ ನಮಗೆಲ್ಲ ಅವರು ‘ಹೆಬ್ಬೆರಳು ಸರ್’. ಅದು ಅವರಿಗೂ ಗೊತ್ತು. ಗೊತ್ತಿಲ್ಲದವರಂತೆ ಇರುವ ದೊಡ್ಡತನವೂ ಅವರಿಗುಂಟು.

ಹೊಸತರಲ್ಲಿ ದೋಣಿಯ ಓಲಾಟಕ್ಕೆ ವಾಂತಿ ಮಾಡಿಕೊಳ್ಳುತ್ತಲೇ ಕೆಸರು ಸಂಗ್ರಹಿಸಿದ ಸರ್, ಸೇವೆಯ ಹತ್ತನೆಯ ವರ್ಷದಲ್ಲಿ ಬಂದರಿನ ತಳಕ್ಕೆ ಹೊದಿಕೆ ಹಾಸುವ ಹೊಣೆ ಹೊತ್ತರು. ಆಗ ಅವರ ಕೈಕೆಳಗೆ ಒಬ್ಬ ಹಂಗಾಮಿ ಸಹಾಯಕಿಯಿದ್ದಳು. ಆ ಕೆಲಸ ಸುಸೂತ್ರವಾಗಿ ಮುಗಿದರೆ ಅವಳ ನೌಕರಿ ಕಾಯಂ. ಹಾಸಿಗೆ ಹಿಡಿದ ತಂದೆ, ಓದುತ್ತಿದ್ದ ತಂಗಿ ಇಬ್ಬರೂ ಅದನ್ನೇ ನಂಬಿಕೊಂಡಿದ್ದರು.

ಮಣ್ಣು ಸುರಿಯಲು ಇನ್ನೆರಡೇ ದಿನವಿತ್ತು. ಒಣಗಿದ ಸ್ಯಾಂಪಲ್‌ಗಳನ್ನು ಸರ್ ಒಂದೊಂದಾಗಿ ಒತ್ತಿದರು. ಎಲ್ಲವೂ ಗಟ್ಟಿಯಾಗಿದ್ದವು. ಆದರೂ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದರು.

“ಒಣಗಿದ ಮೇಲೆ ಬೆಳ್ಳಗೆ ಉಪ್ಪು ಕಾಣ್ಬೇಕಿತ್ತಲ್ಲಮ್ಮ. ಯಾವ ನೀರಲ್ಲಿ ಕಲಸಿದೆ?”

ಸಹಾಯಕಿ ತಿರುಗಿ ನೋಡಿದಳು. ಕಡಲ ನೀರಿನ ಕ್ಯಾನು ಮೂಲೆಯಲ್ಲಿ ಮುಚ್ಚಳ ತೆರೆಯದೆ ಹಾಗೇ ಕೂತಿತ್ತು.

“ನಲ್ಲಿ ನೀರು, ಸರ್.”

ಕಡಲ ಉಪ್ಪುನೀರಿನಲ್ಲಿ ಈ ಮಣ್ಣು ಇಷ್ಟು ಗಟ್ಟಿಯಾಗದೆ ಹೊದಿಕೆ ಬಿರಿದರೆ, ಅಡಿಯ ವಿಷ ಮೀನಿಗೆ, ಮೀನಿನಿಂದ ಮನೆಮನೆಗೆ. ಸರ್ ಬೈಯಲಿಲ್ಲ; ಫೋನೆತ್ತಿ ಕೆಲಸ ನಿಲ್ಲಿಸಿದರು. ಮೇಲಧಿಕಾರಿಗಳು ಕೆಂಡವಾಗಿದ್ದ ಸಭೆಯಲ್ಲಿ, “ಕಣ್ತಪ್ಪು ನನ್ನದೇ. ಒಂದು ತಿಂಗಳು ಕೊಡಿ” ಎಂದರು. ಕಡಲ ನೀರಿನಲ್ಲಿ ಕಲಸಿದ ಹೊಸ ಸ್ಯಾಂಪಲ್‌ಗಳಲ್ಲಿ ಅವರ ಬೆರಳು ಸಲೀಸಾಗಿ ಇಳಿಯಿತು, ಸಿಮೆಂಟು ಹೆಚ್ಚಿಸಬೇಕಾಯಿತು. ಆ ವರ್ಷ ಬರಬೇಕಿದ್ದ ಬಡ್ತಿ ಸರ್‌ಗೆ ತಪ್ಪಿತು. ಸಹಾಯಕಿಯ ನೌಕರಿ ಕಾಯಮಾಯಿತು.

ನಲ್ಲಿ ನೀರಿನ ಆ ಸ್ಯಾಂಪಲ್ ಇಪ್ಪತ್ತು ವರ್ಷಗಳಿಂದ ಅವರ ಮೇಜಿನ ಮೇಲೆ ಕಾಗದ ಹಾರದಂತೆ ಕಾಯುತ್ತಿದೆ. ಹೊಸಬರು ಕೇಳಿದಾಗಲೆಲ್ಲ, “ನನ್ನ ದಡ್ಡತನ ಕಣಪ್ಪ. ನೀವು ಮಾತ್ರ ಉಪ್ಪು ನೋಡ್ಕೊಳ್ಳಿ” ಎಂದು ನಗುತ್ತಾರೆ. ಕಳೆದ ವಾರ ಬಂದರಿನ ತಳದ ಹೊದಿಕೆಯಿಂದ ಕೊರೆದು ತಂದ ತುಂಡನ್ನು ಅವರ ಕೈಗಿತ್ತೆವು. ಹೆಬ್ಬೆರಳು ಕೂದಲೆಳೆಯಷ್ಟೂ ಇಳಿಯಲಿಲ್ಲ. “ನೀನೂ ಒತ್ತಿ ನೋಡಮ್ಮ” ಎಂದು ಅದನ್ನು ನನ್ನ ಕೈಗೆ ದಾಟಿಸಿದರು. ಕಣ್ಣು ತುಂಬಿ ನನಗೆ ಏನೂ ಕಾಣಿಸಲಿಲ್ಲ.

ಸರ್, ನೂರು ವರ್ಷ ಸುಖವಾಗಿ ಬಾಳಿ; ಬೇಸರವಾದಾಗಲೆಲ್ಲ ಬಂದು ನಮ್ಮ ಮಣ್ಣನ್ನು ಒತ್ತಿ ನೋಡಿ. ನಿಮ್ಮ ಮೇಜು ಇನ್ನು ನನ್ನದಾಗುತ್ತದೆ. ಆ ಸ್ಯಾಂಪಲ್ಲನ್ನು ಮಾತ್ರ ದಯಮಾಡಿ ಅಲ್ಲೇ ಬಿಟ್ಟುಹೋಗಿ. ಹೊಸಬರು ಕೇಳಿದರೆ, ಅದನ್ನು ಕಲಸಿದವಳು ನಾನೆಂದು ಇನ್ನು ನಾನೇ ಹೇಳುತ್ತೇನೆ.