ಹಿಂದಿನ ಸೀಟಿನ ಪರೀಕ್ಷೆ

ಎಲ್ಲರೂ ಸ್ಪ್ರಿಂಗ್ ಮೇಸ್ತ್ರಿ ಎಂದು ಕರೆಯುವ ಈ ಕಾರ್ ಮೆಕ್ಯಾನಿಕ್‌ಗೆ ಇಂಜಿನ್ ಎಂದರೆ ಅಷ್ಟಕ್ಕಷ್ಟೇ. ಯಾವ ಕಾರು ಬಂದರೂ ಮೊದಲು ಬಾನೆಟ್ಟಿನ ಮೂಲೆಯನ್ನು ಎರಡೂ ಅಂಗೈಯಿಂದ ಒತ್ತಿ ಬಿಡುತ್ತಾನೆ. ಒಮ್ಮೆ ಎದ್ದು ನಿಂತರೆ ಸರಿ, ಮತ್ತೆ ಮತ್ತೆ ಕುಣಿದರೆ ಕಾರಿನವರಿಗೆ ಪಾಠ ಶುರು: "ಗುಂಡಿ ಕೊಟ್ಟ ಏಟನ್ನ ಸ್ಪ್ರಿಂಗ್ ನುಂಗುತ್ತೆ ಸ್ವಾಮಿ. ನುಂಗಿದ್ಮೇಲೆ ಕುಣೀದೇ ಇರೋ ಹಾಗೆ ಹಿಡಿಯೋದು ಶಾಕ್ ಅಬ್ಸಾರ್ಬರ್. ನನ್ನ ಭಾಮೈದನಿಗೆ ಸ್ಪ್ರಿಂಗ್ ಇದೆ, ಅಬ್ಸಾರ್ಬರ್ ಇಲ್ಲ." ರಿಪೇರಿ ಮುಗಿದ ಮೇಲಿನ ಪರೀಕ್ಷೆಗೆ ಅವನ ಬಳಿ ಇದ್ದ ಯಂತ್ರ ಒಂದೇ, ಸೊಂಟನೋವಿನ ಅತ್ತೆ. ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಗುಂಡಿಗಳನ್ನು ಹುಡುಕಿ ಹುಡುಕಿ ಕಾರು ಇಳಿಸುತ್ತಿದ್ದ. ಅತ್ತೆ "ಅಯ್ಯೋ" ಎಂದರೆ ಕಾರು ಮತ್ತೆ ಜಾಕಿನ ಮೇಲೆ. ಎರಡು ವರ್ಷದಿಂದ ಅವರು ಒಮ್ಮೆಯೂ ಅಯ್ಯೋ ಎಂದಿರಲಿಲ್ಲ. ತನ್ನ ಕೈ ಅಷ್ಟು ಪಳಗಿದೆಯೆಂದು ಮೇಸ್ತ್ರಿ ಬೀಗುತ್ತಿದ್ದ. ಒಂದು ದಿನ ಗುಂಡಿಗಿಳಿದಾಗ ಕನ್ನಡಿಯಲ್ಲಿ ನೋಡಿದರೆ, ಅತ್ತೆ ತುಟಿ ಕಚ್ಚಿ ಹಿಡಿದಿದ್ದರು, ಕಣ್ಣಲ್ಲಿ ನೀರು. ನೋವು ಎಂದು ಬಾಯಿಬಿಟ್ಟರೆ ಅಳಿಯ ನಾಳೆಯಿಂದ ಕರೆದುಕೊಂಡು ಹೋಗಲಾರನೆಂಬ ಭಯ; ಮನೆಯಿಂದ ಹೊರಬೀಳಲು ಅವರಿಗಿದ್ದುದು ಇದೊಂದೇ ನೆಪ. ಮೇಸ್ತ್ರಿ ಈಗ ಗುಂಡಿಗಳನ್ನೆಲ್ಲ ಮೊದಲು ತಾನೊಬ್ಬನೇ ಸುತ್ತಿ ಬರುತ್ತಾನೆ. ಆಮೇಲೆ ಅತ್ತೆಯನ್ನು ಕೂರಿಸಿಕೊಂಡು ನುಣುಪಾದ ರಸ್ತೆಯಲ್ಲಿ ಹೋಗುತ್ತಾ, ಬಲು ಗಂಭೀರವಾಗಿ, "ಹೇಗಿದೆ ಅತ್ತೆ, ಗಾಡಿ ವಾಪಸ್ ಕೊಡಬಹುದಾ?" ಎಂದು ಕೇಳುತ್ತಾನೆ. ಅತ್ತೆ ಕಿಟಕಿಯಿಂದ ಕಣ್ಣು ತೆಗೆಯದೆ, "ಇನ್ನೊಂದು ರೌಂಡ್ ಹೋಗಿ ನೋಡೋಣಪ್ಪ, ನಂಗ್ಯಾಕೋ ಅನುಮಾನ" ಎನ್ನುತ್ತಾರೆ.