ಎಂಟು ಗೂಟದ ಗುಡಾರ

2007ರ ಜನವರಿ, ಒಂದು ಶನಿವಾರ, ಬೆಳಿಗ್ಗೆ ಒಂಬತ್ತೂಕಾಲು. ಸ್ಥಳ ನರಸಿಂಹರಾಜಪುರದ ಹೊರಗೆ, ಭದ್ರಾ ಹಿನ್ನೀರು ಇಳಿದು ಬಿಟ್ಟುಕೊಟ್ಟ ಹುಲ್ಲುಬಯಲು. ಇದ್ದವರು ಮೂವರು: ನಾನು, ನನ್ನ ಯಜಮಾನರು, ಟಾರ್ಪಾಲು ಹೊಲಿಯುವ ಸಾಹೇಬರು.

ಕೊಪ್ಪದಿಂದ ಮೊದಲ ಬಸ್ಸಿಗೆ ಬಂದಿದ್ದೆವು. ಪ್ರತಿ ವರ್ಷ ಫೆಬ್ರವರಿಯಲ್ಲಿ ಶೃಂಗೇರಿ ಕಡೆಯಿಂದ ಹೊರಟು ಮೂರು ದಿನ ನಡೆಯುವುದು ನಮ್ಮಿಬ್ಬರ ಪದ್ಧತಿ. ಹಿಂದಿನ ವರ್ಷ ಹಳೆಯ ಕ್ಯಾನ್ವಾಸ್ ಡೇರೆ ಹೊತ್ತ ಯಜಮಾನರು ಎರಡನೇ ದಿನವೇ ಹಿಂದೆ ಬಿದ್ದಿದ್ದರು. ಭಾರ ಇಳಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ.

ಹಗುರದ ಡೇರೆ ಕೊಳ್ಳುವ ಮೊದಲು ಹಾಕಿ ನೋಡಲು ಎರಡಿದ್ದವು. ಒಂದು, ಯಾರೋ ಚಾರಣದವರು ಸಾಹೇಬರ ಅಂಗಡಿಯಲ್ಲಿ ಮಾರಲು ಬಿಟ್ಟುಹೋದ ಗುಮ್ಮಟದ ಆಕಾರದ್ದು. ಇನ್ನೊಂದು ಸಾಹೇಬರೇ ತೆಳು ನೈಲಾನಿನಲ್ಲಿ ಹೊಲಿದದ್ದು: ನಡುವೆ ಒಂದೇ ಕಂಬ, ಸುತ್ತ ಎಂಟು ಗೂಟ, ಬತ್ತದ ರಾಶಿಯ ಹಾಗೆ ಮೇಲೆ ಚೂಪು. ನಮ್ಮ ಊರುಗೋಲೇ ಕಂಬವಾಗುವುದರಿಂದ ಅದನ್ನು ಬೇರೆ ಹೊರಬೇಕಾಗಿರಲಿಲ್ಲ.

"ತಳ ಎಲ್ಲಿ?" ಎಂದು ಕೇಳಿದೆ.

"ತಳ ಇಲ್ಲ ಅಮ್ಮ, ಅದಕ್ಕೇ ಹಗುರ."

"ಫೆಬ್ರವರಿಯಲ್ಲಿ ನೆಲದ ಉಣುಗು ಕಚ್ಚಿ ಮಂಗನ ಕಾಯಿಲೆ ಬಂದ್ರೆ ನಿಮ್ಮ ಹಗುರ ಎಂತಕ್ಕೆ ಬಂತು?"

"ನೋಡಿ ಸಾಹೇಬ್ರೇ," ಎಂದರು ಯಜಮಾನರು, "ನಾನು ಮದುವೆ ಆಗಿದ್ದು ವಾರ್ಡ್ ಸಿಸ್ಟರನ್ನ. ನಮ್ಮನೇಲಿ ಸೊಳ್ಳೆನೂ ಕೈಕಾಲು ತೊಳ್ಕೊಂಡೇ ಒಳಗೆ ಬರಬೇಕು."

ಸಾಹೇಬರು ನಕ್ಕು, ತಳ ಹೊಲಿದು ಕೊಡಲು ಒಪ್ಪಿದರು.

ಮೊದಲು ಗುಮ್ಮಟ. ಬಗ್ಗುವ ಕಡ್ಡಿಯನ್ನು ಬಟ್ಟೆಯ ಸುರಂಗದಲ್ಲಿ ತೂರಿಸಿ ಇಬ್ಬರೂ ಎರಡು ತುದಿ ಒತ್ತಿ ಹಿಡಿಯಬೇಕು. ಯಜಮಾನರ ತುದಿ ಮೂರು ಸಲ ಜಾರಿತು. ಕಡ್ಡಿಯೇ ಸರಿಯಿಲ್ಲ ಎಂದುಕೊಂಡು ಅದನ್ನು ಬದಿಗಿಟ್ಟೆ.

ಆಮೇಲೆ ಒಂಟಿಕಂಬದ್ದು. ಸಾಹೇಬರು ಊರುಗೋಲು ನಿಲ್ಲಿಸಿ ಹಿಡಿದರು. ಇಲ್ಲಿ ನನ್ನ ನಿಯಮ ಹೇಳಬೇಕು. ನರ್ಸಿಂಗ್ ಕಲಿಯುವಾಗ ಹಾಸಿಗೆಯ ಆ ಬದಿಗೊಬ್ಬಳು, ಈ ಬದಿಗೊಬ್ಬಳು ನಿಲ್ಲುತ್ತಿದ್ದೆವು. ತನ್ನ ಬದಿಯ ಮೂಲೆ ತಾನೇ ಮಡಚಬೇಕು, ಮುಗಿಸಿದವಳು ಇನ್ನೊಬ್ಬಳ ಬದಿಗೆ ಕೈ ಹಾಕುವಂತಿಲ್ಲ. ಡೇರೆಗೂ ನಾನು ಅದನ್ನೇ ತಂದಿದ್ದೆ. ನಾಲ್ಕು ಗೂಟ ನನಗೆ, ನಾಲ್ಕು ಅವರಿಗೆ, ಕಾಲು ಗಂಟೆಯ ಗಡುವು.

ಏಳು ನಿಮಿಷಕ್ಕೆ ನನ್ನದು ಮುಗಿಯಿತು. ಅವರಿನ್ನೂ ಎರಡನೇ ಗೂಟದಲ್ಲಿ ಕೂತಿದ್ದರು. ಅವರ ಮೊದಲ ಹಗ್ಗ ಎಳೆದು ಪರೀಕ್ಷಿಸಿದೆ. ಕೈಗೇ ಬಂತು. ಗಂಟು ಇರಲಿಲ್ಲ, ಹಗ್ಗವನ್ನು ಗೂಟಕ್ಕೆ ಸುಮ್ಮನೆ ಸುತ್ತಿ ತುದಿ ಸಿಕ್ಕಿಸಿದ್ದರು.

"ಟಪಾಲು ಚೀಲ ಹೀಗೇ ಕಟ್ಟಿದ್ದಿದ್ರೆ ಊರಿನವರ ಕಾಗದ ಎಲ್ಲ ದಾರೀಲೇ ಉದುರ್ತಿತ್ತು," ಎಂದೆ.

ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ಚೀಲದ ಬಾಯಿ ಕಟ್ಟಿದವರು. ಇಂಥ ಮಾತಿಗೆ ಎರಡರಷ್ಟು ತಿರುಗಿಸಿ ಕೊಡುವವರು. ಅಂದು ಮಾತ್ರ ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡರು.

ಆಗ ಒಂದೊಂದಾಗಿ ನೆನಪಾಯಿತು. ಲೇಸಿನ ಶೂ ಬಿಟ್ಟು ಚಪ್ಪಲಿ ಹಾಕುತ್ತಿದ್ದರು. ಕಾಫಿ ಲೋಟ ಎಡಗೈಗೆ ಬಂದಿತ್ತು. ಅಂಗಿಯ ತೋಳಿನ ಗುಂಡಿ ಯಾವಾಗಲೂ ಬಿಚ್ಚಿಯೇ ಇರುತ್ತಿತ್ತು. ಎಲ್ಲವನ್ನೂ ನೋಡಿದ್ದೆ. ವಯಸ್ಸಾದ ಮೇಲಿನ ಅಶಿಸ್ತು ಎಂದು ಗದರಿಸಿಯೂ ಇದ್ದೆ. ವಾರ್ಡಿನಲ್ಲಿ ಬೇರೆಯವರ ಗಂಡನಾಗಿದ್ದರೆ ಮೊದಲ ದಿನವೇ ಡಾಕ್ಟರಿಗೆ ಹೇಳುತ್ತಿದ್ದೆ.

"ಯಾವಾಗಿಂದ?"

"ನವರಾತ್ರಿಯಿಂದ. ಹೆಬ್ಬೆರಳು ಮಾತು ಕೇಳ್ತಿಲ್ಲ."

"ಹೇಳಕ್ಕೆ ಎಂತ ಆಗಿತ್ತು ನಿಮ್ಗೆ?"

"ಹೇಳಿದ್ರೆ ನೀನು ಕೇಸ್‌ ಶೀಟ್ ಬರೀತಿದ್ದೆ ಮಾರಾಯ್ತಿ. ಆಮೇಲೆ ನಡಿಗೆ ಬಂದ್. ಈ ಸಲ ಒಂದು ಹೋಗಿ ಬರಣ ಅಂತ ಇತ್ತು."

ಸುಳ್ಳಲ್ಲ. ಖಂಡಿತ ಬಂದ್ ಮಾಡುತ್ತಿದ್ದೆ. ಗೂಟದ ಮಣ್ಣು ಒರೆಸಿದೆ.

ಕಂಬ ಹಿಡಿದೇ ನಿಂತಿದ್ದ ಸಾಹೇಬರು ನೀರಿನ ಕಡೆ ನೋಡುತ್ತಾ ಹೇಳಿದರು: "ಗಂಟೇ ಬೇಡ ಅಮ್ಮ. ಅಂಚಿಗೆ ಗಟ್ಟಿ ಕುಣಿಕೆ ಹೊಲಿದು ಕೊಡ್ತೀನಿ. ಗೂಟಕ್ಕೆ ಸಿಕ್ಕಿಸಿದ್ರೆ ಆಯ್ತು. ನಾಲ್ಕಕ್ಕೆ ಹಾಕ್ಲಾ?"

"ನನಗೆ ಅಂತ ಬೇರೆ ಎಂತದೂ ಬೇಡ," ಎಂದರು ಯಜಮಾನರು, ಸ್ವಲ್ಪ ಜೋರಾಗಿಯೇ.

"ಎಂಟಕ್ಕೂ ಹಾಕಿ," ಎಂದೆ. "ಸೋಮವಾರ ಡಾಕ್ಟರು. ನಡಿಗೆ ಹೌದೋ ಅಲ್ಲವೋ, ಅವರು ಹೇಳಿದ ಮೇಲೆ."

ಯಜಮಾನರು ಉಳಿದಿದ್ದ ಎರಡು ಗೂಟಗಳನ್ನು ಎಡಗೈಯಲ್ಲಿ ಹೊಡೆದು ಮುಗಿಸಿದರು. ಗಡುವು ಮೀರಿತ್ತು, ನಾನು ಕೈಗಡಿಯಾರ ನೋಡಲಿಲ್ಲ. ಬಸ್ಸಿನಲ್ಲಿ ಅವರು ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದರು.

ಮನೆಗೆ ಬಂದು ಡಾಕ್ಟರಿಗೆ ಫೋನ್ ಮಾಡಿ ಸೋಮವಾರದ ಸಮಯ ಕೇಳಿ ಬರೆದಿಟ್ಟೆ. ಆಮೇಲೆ ಹಳೆಯ ಕ್ಯಾನ್ವಾಸನ್ನು ಅಟ್ಟಕ್ಕೆ ಹಾಕಲು ಇಬ್ಬರೂ ಸೇರಿ ಮಡಚಿದೆವು. ಪ್ರತಿ ವರ್ಷ ಅದನ್ನು ಕಟ್ಟುತ್ತಿದ್ದವರು ಅವರು. ಹಗ್ಗ ಸಡಿಲವಾಗದಂತೆ ಮೊದಲ ಸುತ್ತಿನ ಮೇಲೆ ಬೆರಳು ಒತ್ತಿ ಹಿಡಿಯುವುದು ನನ್ನ ಕೆಲಸ. ಅಂದು ಹಗ್ಗ ನಾನು ತೆಗೆದುಕೊಂಡೆ. ಅವರು ಬಾಗಿ, ಎಡಗೈ ಬೆರಳನ್ನು ಗಂಟಿನ ಜಾಗದಲ್ಲಿ ಇಟ್ಟರು.

"ಬಿಗಿ ಸಾಲದು. ಇನ್ನೂ ಎಳಿ," ಎಂದರು.

ಎಳೆದೆ. ಸಂಜೆ ಆರೂಮುಕ್ಕಾಲಿಗೆ ಕಟ್ಟು ಅಟ್ಟ ಸೇರಿತು.