ಅತ್ತೆ ಮಲಗಿ ನೋಡಿದ ಗಾಡಿಗಳು

ನಮ್ಮದು ಚಳ್ಳಕೆರೆ ಹತ್ತಿರದ ಒಂದು ಹಟ್ಟಿ. ಕುರಿ ಸಾಕುವುದು, ಉಣ್ಣೆ ನೂಲುವುದು, ಕಂಬಳಿ ನೇಯುವುದು ನಮ್ಮ ಕಸುಬು. ಸುಗ್ಗಿ ಮುಗಿದ ಮೇಲೆ ನನ್ನ ಗಂಡ ಎತ್ತುಗಳ ಮೇಲೆ ಕಂಬಳಿ ಹೇರಿಕೊಂಡು ಬಳ್ಳಾರಿ ಕಡೆಗೆ ಹೊರಟರೆ, ಮುಂಗಾರಿನ ಮೋಡ ಕಾಣುವ ಹೊತ್ತಿಗೆ ತಿರುಗಿ ಬರುತ್ತಿದ್ದರು. ಹಾಗೆ ಬಂದ ಒಂದು ಸಲ, ಅಂಗಳದಲ್ಲಿ ಆಡುತ್ತಿದ್ದ ನಮ್ಮ ಮಗಳು ಅವರನ್ನು ನೋಡಿ ಓಡಿಬಂದು ನನ್ನ ಸೀರೆಯ ಹಿಂದೆ ಅಡಗಿಕೊಂಡಳು. "ಇವ್ರು ಯಾರವ್ವ?" ಎಂದು ಮೆಲ್ಲಗೆ ಕೇಳಿದಳು.

ಅವರು ಕಾಲು ತೊಳೆಯಲು ತೆಗೆದುಕೊಂಡ ತಂಬಿಗೆಯನ್ನು ಹಾಗೇ ಹಿಡಿದು ನಿಂತುಬಿಟ್ಟರು. ಮುಂದಿನ ಸಲ ಮಗಳೂ ನಾನೂ ಜೊತೆಗೇ ಬರುತ್ತೇವೆಂದು ಅವತ್ತೇ ಹೇಳಿದೆ. ಹೆಂಗಸು ಮಕ್ಕಳು ದಾರಿಯಲ್ಲಿ ತಿಂಗಳುಗಟ್ಟಲೆ ಹೇಗೆ ಇರುತ್ತೀರಿ ಎಂದು ಅವರು ಕೇಳುವಷ್ಟರಲ್ಲಿ, ಮೂಲೆಯಲ್ಲಿ ನೂಲುತ್ತಿದ್ದ ಅತ್ತೆ ತಲೆ ಎತ್ತಿದರು.

"ನೀವೆಲ್ಲ ಹೋದ್ರೆ ನಾನಿಲ್ಲಿ ಗೋಡೆ ನೋಡ್ಕಂಡು ಕೂರ್ಲಾ? ಗಾಡಿ ತಗಾ. ನಾನೂ ಬರ್ತೀನಿ."

ಅತ್ತೆಗೆ ಮಂಡಿ ನೋವು. ಹಟ್ಟಿಯ ಬಾವಿಯವರೆಗೆ ನಡೆಯುವುದೇ ಕಷ್ಟ. ಆದರೆ ಆ ಮಾತು ಆಡಿದ ಮೇಲೆ ಅವರ ಮುಖಕ್ಕೆ ಬಂದ ಕಳೆ ನಾನು ಮದುವೆಯಾಗಿ ಬಂದಾಗಿನಿಂದ ಕಂಡಿರಲಿಲ್ಲ. ಕುರಿಗಳನ್ನು ಮೈದುನ ನೋಡಿಕೊಳ್ಳುತ್ತೇನೆಂದ. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೂ ಗಾಡಿ, ಉಣ್ಣೆ ಬಿಡಿಸುತ್ತಿದ್ದರೂ ಗಾಡಿ. ಒಲೆ ಎಲ್ಲಿ ಕಟ್ಟಿಕೊಳ್ಳುವುದು, ನೀರಿನ ಗಡಿಗೆ ಎಲ್ಲಿ ತೂಗುಹಾಕುವುದು ಎಂದು ಯೋಚಿಸುತ್ತ ನಾನು ಎಷ್ಟೋ ಸಲ ರೊಟ್ಟಿ ಸೀಯಿಸಿದೆ.

ಮೊದಲು ನೋಡಿದ್ದು ಚಳ್ಳಕೆರೆಯ ಸಂತೆ ದಿನ. ಯಾರೋ ಶ್ರೀಮಂತರು ಮಾರಲು ಬಿಟ್ಟಿದ್ದ ಸವಾರಿ ಗಾಡಿ. ಕೆಂಪು ಹಸಿರು ಬಣ್ಣ, ನೊಗಕ್ಕೆ ಹಿತ್ತಾಳೆಯ ಗೆಜ್ಜೆ, ಮೇಲೆ ಚಾವಣಿಯಂತೆ ಬಾಗಿದ ಕಮಾನು. ನನ್ನ ಗಂಡ ಅದರ ಸುತ್ತ ಸುತ್ತಿದ್ದೇ ಸುತ್ತಿದ್ದು. ನನಗೂ ಅದರಿಂದ ಕಣ್ಣು ಕೀಳಲಾಗಲಿಲ್ಲ. ಅತ್ತೆ ಮಾತ್ರ ನನ್ನ ಹೆಗಲು ಹಿಡಿದು ಒಳಗೆ ಹತ್ತಿ, ಸಂತೆಯ ಜನ ನೋಡನೋಡುತ್ತಿದ್ದಂತೆ ಮಲಗಿಬಿಟ್ಟರು. ಆಮೇಲೆ ಮಗುವನ್ನು ಪಕ್ಕಕ್ಕೆ ಕರೆದರು, ನನ್ನನ್ನು ಕರೆದರು. ಮೂವರೂ ಒತ್ತಿಕೊಂಡು ಮಲಗಿದೆವು. ಅತ್ತೆಯ ಪಾದಗಳು ಹಿಂದಿನಿಂದ ಹೊರಗೆ ಚಾಚಿದ್ದವು. ಜನ ನಗುತ್ತಿದ್ದರೆ ನನಗೆ ನಾಚಿಕೆಯಿಂದ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವ ಹಾಗಾಯಿತು.

"ನೀ ಎಲ್ಲಿ ಮಲಗ್ತೀಯಾ?" ಎಂದು ಅತ್ತೆ ಮಲಗಿದಲ್ಲಿಂದಲೇ ಮಗನನ್ನು ಕೇಳಿದರು. ಗಾಡಿಯ ಕೆಳಗೆ ಎಂದರು ಅವರು. "ಕೆಳಗೆ ಚೇಳು ಐತೆ, ಹಾವು ಐತೆ. ಕಂಬಳಿ ಗಂಟು ಎಲ್ಲಿಡ್ತೀಯಾ? ಇದು ಮದ್ವೆ ದಿಬ್ಬಣಕ್ಕೆ ಗಾಡಿ, ಮನೆ ಅಲ್ಲ."

ಹಾಗಾದರೆ ದೊಡ್ಡದೇ ಬೇಕೆಂದು, ಅತ್ತೆಯನ್ನು ಎತ್ತಿನ ಮೇಲೆ ಕೂರಿಸಿಕೊಂಡು ಮೊಳಕಾಲ್ಮೂರಿಗೆ ಹೋದೆವು. ಅಲ್ಲೊಬ್ಬ ವ್ಯಾಪಾರಿಯ ಬಳಿ ಹತ್ತಿ ಸಾಗಿಸುವ ಗಾಡಿ ಇತ್ತು. ಬಲು ಮಜಬೂತು ಎಂದು ಅವನು ಗಾಲಿಗೆ ಗುದ್ದಿ ಗುದ್ದಿ ತೋರಿಸಿದ. ಅತ್ತೆ ಅದರಲ್ಲೂ ಮಲಗಿದರು. ಈ ಕಡೆಯಿಂದ ಆ ಕಡೆಗೆ ಹೊರಳಿ, ಬಹಳ ಚೆನ್ನಾಗಿದೆ ಎಂದು ಅಲ್ಲೇ ನಿದ್ದೆಗೆ ಜಾರುವವರಂತೆ ಕಣ್ಣು ಮುಚ್ಚಿದರು. ಆದರೆ ನಮ್ಮ ಎತ್ತುಗಳನ್ನು ಕಟ್ಟಿ ಹಳ್ಳದ ಮರಳಿಗೆ ಇಳಿಸಿದಾಗ ಖಾಲಿ ಗಾಡಿಯೇ ಹೂತುಕೊಂಡಿತು. ಎತ್ತುಗಳು ಮಂಡಿಯೂರಿದವು. ನಾಲ್ಕಾರು ಜನ ಹಿಂದಿನಿಂದ ನೂಕಿ ಮೇಲೆ ತರಬೇಕಾಯಿತು. ಅವುಗಳ ಬಾಯಿಯ ನೊರೆ ಒರೆಸುತ್ತ, ಇನ್ನು ಸಾಕು, ನಾನೊಬ್ಬನೇ ಹೋಗುತ್ತೇನೆ ಎಂದುಬಿಟ್ಟರು ನನ್ನ ಗಂಡ.

ನಮ್ಮ ಪೇಚಾಟವನ್ನು ನೋಡುತ್ತಿದ್ದವರಲ್ಲಿ ಒಬ್ಬರು, ಕೊಂಡ್ಲಹಳ್ಳಿಯಲ್ಲಿ ಒಬ್ಬ ಮುದುಕಿಯ ಹಿತ್ತಲಲ್ಲಿ ಗಾಡಿಯೊಂದು ಸುಮ್ಮನೆ ನಿಂತಿದೆ, ಕೇಳಿ ನೋಡಿ ಎಂದರು. ನಾನು ಹಟ ಹಿಡಿದು ಹೊರಡಿಸಿದೆ.

ಆ ಗಾಡಿಯ ಕಮಾನು ಮುರಿದಿತ್ತು. ಒಳಗೆ ಕೋಳಿಗಳು ಕಾವಿಗೆ ಕೂತಿದ್ದವು. ಆದರೆ ಉದ್ದವಿತ್ತು, ಗಾಲಿಗಳು ಎತ್ತರವಿದ್ದವು, ಮರ ಹಗುರಾಗಿತ್ತು. ಅತ್ತೆ ಹತ್ತಲು ಹೋದರೆ ಗಾಡಿಯ ಒಡತಿ ಅಡ್ಡ ಬಂದರು. ತೆಲುಗು ಕನ್ನಡ ಎರಡೂ ಬೆರೆಸಿ ಮಾತಾಡುವ ಆಕೆ ನಮ್ಮನ್ನು ಒಂದೊಂದಾಗಿ ಕೇಳಿದರು: ಎಲ್ಲಿಗೆ ಹೋಗುತ್ತೀರಿ, ಯಾರು ಯಾರು ಹೋಗುತ್ತೀರಿ, ಗಾಡಿಯನ್ನು ಒಡೆದು ಸೌದೆ ಮಾಡುವವರಲ್ಲ ತಾನೆ? ಆಕೆಯೂ ಗಂಡನೂ ಬಳೆ ಮಾರುತ್ತ ಅದರಲ್ಲೇ ಬಾಳಿದ್ದರಂತೆ. ಗಂಡ ತೀರಿಕೊಂಡ ಮೇಲೆ ಗಾಡಿಯನ್ನು ಕೇಳಿ ಬಂದವರಿಗೆಲ್ಲ ಇಲ್ಲವೆಂದೇ ಹೇಳಿದ್ದರು.

"ನನ್ನ ಇಬ್ರು ಮಕ್ಳು ಇದ್ರಾಗೇ ಹುಟ್ಟಿದ್ದಮ್ಮ," ಎಂದರು. "ಗೊಬ್ಬರ ಹೇರೋರಿಗೆ ಕೊಡಲ್ಲ."

ನಮ್ಮ ಅತ್ತೆ ತಮ್ಮ ಮಂಡಿ ತೋರಿಸಿ, ನಾನು ಈ ಸೀಮೆ ದಾಟಿ ಬೇರೆ ಊರು ಕಂಡವಳಲ್ಲ, ಕಣ್ಣು ಮುಚ್ಚುವುದರೊಳಗೆ ಒಂದಷ್ಟು ಕಾಣಬೇಕು ಎಂದರು. ಅದನ್ನು ಕೇಳಿ ಒಡತಿಯೇ ಕೋಳಿಗಳನ್ನು ಎತ್ತಿ ಬುಟ್ಟಿಗೆ ಹಾಕಿ, ಅತ್ತೆಯ ಕೈ ಹಿಡಿದು ಒಳಗೆ ಹತ್ತಿಸಿದರು. ಅತ್ತೆ ಮಲಗಿ ಕಾಲು ಚಾಚಿದರೂ ಇನ್ನೂ ಜಾಗ ಉಳಿದಿತ್ತು.

ಊರಾಚೆಯ ಮರಳಿನಲ್ಲಿ ಓಡಿಸಿ ನೋಡುವಾಗ, ನನ್ನ ಗಂಡ ಗಾಲಿ ನೋಡಲು ಕೆಳಗೆ ನಡೆಯಬೇಕೆಂದು ಹಗ್ಗವನ್ನು ನನ್ನ ಕೈಗೆ ಕೊಟ್ಟರು. ನಾನು ಅದುವರೆಗೆ ಗಾಡಿ ಹೊಡೆದವಳೇ ಅಲ್ಲ. ನಾಲಿಗೆ ಲೊಚಗುಟ್ಟಿದೆ. ಎತ್ತುಗಳು ಕಿವಿ ನಿಮಿರಿಸಿ, ಮರಳು ದಾಟಿ, ದಿಬ್ಬವನ್ನೂ ಏರಿ ಓಡತೊಡಗಿದವು. ಹಿಂದೆ ನನ್ನ ಗಂಡ ನಿಲ್ಲಿಸು ನಿಲ್ಲಿಸು ಎನ್ನುತ್ತ ಓಡಿ ಬರುತ್ತಿದ್ದರು. ಅತ್ತೆ ಒಳಗಿನಿಂದ, "ನಿಲ್ಲಿಸ್ಬ್ಯಾಡ, ಹೊಡಿ" ಎಂದರು. ನನಗೆ ತಡೆಯಲಾರದ ನಗು.

ಅವತ್ತೇ ಗಾಡಿ ನಮ್ಮದಾಯಿತು. ಹಟ್ಟಿಗೆ ತಂದು ಹೊಸ ಬಿದಿರು ಬಾಗಿಸಿ ಕಮಾನು ಕಟ್ಟಿದೆವು. ನಾನು ಕರಿ ಉಣ್ಣೆ ನೂತೆ, ನನ್ನ ಗಂಡ ನೇಯ್ದರು; ಕಂಬಳಿಗಳನ್ನು ಜೋಡಿಸಿ ಹೊಲಿದು, ಕಮಾನಿಗೆ ಕಟ್ಟಿದ ಚಾಪೆಯ ಮೇಲೆ ಹೊದಿಸಿದೆವು. ಗಂಟುಗಳನ್ನು ಹಾಸಿಗೆಯ ಹಾಗೆ ಕೆಳಗೆ ಜೋಡಿಸಿ ಮೇಲೆ ಮಲಗುವುದು ಎಂದು ಅತ್ತೆ ಹೇಳಿಕೊಟ್ಟರು.

ಹೊರಟ ಮೊದಲ ವಾರದಲ್ಲೇ, ರಾಂಪುರದ ದಾರಿಯಲ್ಲಿ ಹಾಡಹಗಲೇ ಅಕಾಲ ಮಳೆ ಸುರಿಯಿತು. ನಾವೆಲ್ಲ ಒಳಗೆ ಕೂತೆವು. ದಾರಿಹೋಕರಿಬ್ಬರು ನೆನೆಯುತ್ತ ಓಡಿಬಂದಾಗ ಅತ್ತೆ ಸರಿದು ಜಾಗ ಕೊಟ್ಟರು. ಆ ಇಬ್ಬರೂ ಕೂತಲ್ಲಿಂದಲೇ ಮೇಲೆ ನೋಡಿದರು, ಕೈ ಎತ್ತಿ ಕಮಾನನ್ನು ಒತ್ತಿ ನೋಡಿದರು. ಹೊದಿಸಿದ್ದ ಕಂಬಳಿಯಿಂದ ಒಂದು ಹನಿಯೂ ಸೋರಿರಲಿಲ್ಲ. ಮಳೆ ನಿಂತು ಇಳಿಯುವಾಗ ಇಬ್ಬರೂ ಇಂಥದ್ದೇ ಬೇಕೆಂದು ಒಂದೊಂದು ಕಂಬಳಿ ಕೊಂಡುಕೊಂಡರು. ರಾಂಪುರ ತಲುಪುವಷ್ಟರಲ್ಲಿ ಸುದ್ದಿ ನಮಗಿಂತ ಮುಂಚೆ ಹೋಗಿತ್ತು. ಜನ ನಮ್ಮ ಗಾಡಿಯನ್ನೇ ಮುಟ್ಟಿ ನೋಡಲು ಬಂದರು. ಅತ್ತೆ ಒಳಗೆ ಕಾಲು ಚಾಚಿ ಕೂತು ಬೆಲೆ ಹೇಳುತ್ತಿದ್ದರು. ನಾನು ಮೂರು ಕಲ್ಲಿಟ್ಟು ಒಲೆ ಹೂಡಿದ್ದೆ. ಮಗಳು ಅಪ್ಪನ ಹೆಗಲ ಮೇಲೆ ಕೂತು, ಬಂದವರಿಗೆಲ್ಲ ಇದು ನಮ್ಮನೆ ಎಂದು ಹೇಳುತ್ತಿದ್ದಳು.